ಸೂಪರ್‌ವೈಸರ್ ಊದಿದ ವಿಸಿಲ್

ನಮ್ಮೂರು ಅಮ್ಮತ್ತಿಯ ಡಿಪಾರ್ಟ್‌ಮೆಂಟಲ್ ಸ್ಟೋರಿಗೆ ಮೇಲೊಂದು ಮಹಡಿ ಎದ್ದಿತು. ಕೆಲಸಕ್ಕೆ ಜನ ಬೇಕೆಂದು ಬೋರ್ಡು ಬಿತ್ತು. ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿ ನಿವೃತ್ತನಾದ ನನಗೆ ಆ ಮಹಡಿಯ ಸೂಪರ್‌ವೈಸರ್ ಪಟ್ಟ ದೊರೆಯಿತು. ನನ್ನ ಹೆಂಡತಿ ಗಿರಿಜೆಗೆ ಅಲ್ಲೇ ಬಿಲ್ಲಿಂಗ್ ಕೌಂಟರ್. ಅವಳ ಜೀವಮಾನದ ಮೊದಲ ನೌಕರಿ! ಅದಕ್ಕೆಂದೇ ಹೊಸ ಚಪ್ಪಲಿ ಕೊಂಡಿದ್ದಳು.

"ರೀ, ಅಲ್ಲಿ ನಿಮ್ಮ ಎಸ್ಟೇಟ್ ದರ್ಬಾರು ಶುರು ಮಾಡ್ಬೇಡಿ. ನನ್ನ ಕೆಲಸಕ್ಕೂ ಕಲ್ಲು ಹಾಕ್ಬೇಡಿ."

"ನೂರಾರು ಆಳುಗಳನ್ನ ನಿಭಾಯಿಸಿದವನು ಕಣೇ ನಾನು! ಇದ್ಯಾವ ಮಹಾ?"

ಕೆಲಸಕ್ಕೆ ಸೇರಿದ ಮೊದಲ ದಿನವೇ ಭಾನುವಾರ. ಎಸ್ಟೇಟುಗಳಿಗೆ ರಜೆ, ಅಂಗಡಿ ತುಂಬ ನನ್ನ ಹಳೆಯ ಆಳುಗಳೇ. ಸಂಜೆ ಸಿಬ್ಬಂದಿಯನ್ನು ಟೀಗೆ ಕರೆಯಬೇಕಿತ್ತು. ಆ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳಿಸೀತು? ಶುಭವಾಗಲೆಂದು ಜೇಬಿನಲ್ಲಿಟ್ಟುಕೊಂಡಿದ್ದ ಎಸ್ಟೇಟಿನ ಹಳೆಯ ವಿಸಿಲ್ ತೆಗೆದು ಜೋರಾಗಿ ಊದಿದೆ.

ಎಸ್ಟೇಟಿನಲ್ಲಿ ಸಂಜೆ ವಿಸಿಲ್ ಆಯಿತೆಂದರೆ ಪಿಕಿಂಗ್ ಮುಗಿಯಿತು, ಕಿತ್ತ ಕಾಫಿ ಹಣ್ಣನ್ನು ತೂಕಕ್ಕೆ ತರಬೇಕು ಎಂದು ಅರ್ಥ. ಸಿಬ್ಬಂದಿ ಒಬ್ಬರೂ ಕದಲಲಿಲ್ಲ. ಗಿರಾಕಿಗಳೆಲ್ಲ ಬುಟ್ಟಿ ಹಿಡಿದು ಬಂದು ತರಕಾರಿ ತಕ್ಕಡಿಯ ಮುಂದೆ ಸಾಲಾಗಿ ನಿಂತರು!

ನಾನಾದರೂ ನಕ್ಕು ಸುಮ್ಮನಾಗಬಾರದಿತ್ತೇ? ನೆಟ್ಟಗೆ ಹೋಗಿ ತಕ್ಕಡಿಯ ಹಿಂದೆ ನಿಂತೆ. ಮೊದಲ ಬುಟ್ಟಿ ನಮ್ಮ ಎಸ್ಟೇಟಿನ ಚೆಲುವಿಯದು. ಅದರಲ್ಲಿ ಹಸಿರು ಕಂಡದ್ದೇ ತಡ, ಪಿತ್ತ ನೆತ್ತಿಗೇರಿತು.

"ಏನೇ ಚೆಲುವಿ, ಹಣ್ಣಿನ ಜೊತೆ ಎಲೇನೂ ಕಿತ್ಕೊಂಡು ಬಂದಿದ್ದೀಯಾ?"

"ಅಯ್ಯೋ ರೈಟ್ರೇ, ಅದು ಕೊತ್ತಂಬರಿ ಸೊಪ್ಪು!"

ಅಷ್ಟರಲ್ಲಿ ಅದನ್ನು ಕಿತ್ತೆಸೆದಾಗಿತ್ತು. ಬಿದ್ದದ್ದು ಮೆಟ್ಟಿಲೇರಿ ಬರುತ್ತಿದ್ದ ಮಾಲೀಕರ ಹೆಗಲ ಮೇಲೆ.

"ಏನ್ರೀ ಇದು ರೈಟ್ರೇ?"

ನನ್ನ ಕೆಲಸ ಹೋದರೆ ಹೋಗಲಿ, ಪಾಪ, ಗಿರಿಜೆಯದು? ಅವಳತ್ತ ನೋಡುವ ಧೈರ್ಯವಾಗಲಿಲ್ಲ.

ಆಗ ಅವಳದೇ ದನಿ ಕೇಳಿಸಿತು. "ಬಿಲ್ ಹಾಕೋವಾಗ ಎಲ್ಲರೂ ಮುಗಿಬೀಳ್ತಾರಲ್ಲಾ ಸಾರ್, ಅದಕ್ಕೇ ಸಾಲು ಮಾಡಿಸಿದ್ದು. ಚೆಲುವಿ, ಈ ಕಡೆ ಬಾ. ಒಬ್ಬೊಬ್ಬರಾಗಿ ಬನ್ನಿ!"

ಸಾಲು ಹಾಗೇ ಅವಳ ಕೌಂಟರಿನತ್ತ ತಿರುಗಿತು. ತಳ್ಳಾಟವಿಲ್ಲದೆ ಸರಸರನೆ ಬಿಲ್ ಆಯಿತು. ಮಾಲೀಕರ ಗಂಟಿಕ್ಕಿದ ಹುಬ್ಬು ಸಡಿಲಿತು. ಅಬ್ಬ! ಹೋದ ಜೀವ ಬಂದಂತಾಯಿತು ನನಗೆ.

ಮರುದಿನದಿಂದ ಮಹಡಿಗೆ ಗಿರಿಜೆಯೇ ಸೂಪರ್‌ವೈಸರ್. ಮಾಲೀಕರು ದೊಡ್ಡ ಮನಸ್ಸಿನವರು, ನನ್ನನ್ನೂ ಕೈಬಿಡಲಿಲ್ಲ. ಅದುವರೆಗೆ ಅಂಗಡಿಯಲ್ಲಿ ಇಲ್ಲದಿದ್ದ ಹುದ್ದೆಯೊಂದನ್ನು ನನಗಾಗಿಯೇ ಸೃಷ್ಟಿಸಿದರು. ಅಂಗಳದಲ್ಲಿ ನಿಂತು ವಿಸಿಲ್ ಊದಿ ಜೀಪುಗಳಿಗೆ ಜಾಗ ತೋರಿಸುವುದು!

ನಿನ್ನೆ ಮಹಡಿಯ ಕಿಟಕಿಯಿಂದ ಗಿರಿಜೆ ತಲೆ ಹೊರಹಾಕಿದಳು.

"ರೀ, ಮೆಲ್ಲಗೆ ಊದಿ! ಇಲ್ಲಿ ಮತ್ತೆ ತಕ್ಕಡಿ ಮುಂದೆ ನಿಂತಿದ್ದಾರೆ!"

"ಆಗಲಿ ಮೇಡಂ," ಎಂದೆ.