ಕಾರಿನಲ್ಲಿ ಮಸ್ಕತ್ತಿಗೆ, ಪಂಚಾಂಗದ ಪ್ರಕಾರ

ಮರುಭೂಮಿ ಮನುಷ್ಯನ ಅಹಂಕಾರವನ್ನು ಕರಗಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಿಜವಿರಬಹುದು. ನನ್ನದು ಅಷ್ಟು ದೂರ ಕಾಯಲಿಲ್ಲ; ಏಸಿ ಹಾಕಿದ ಕೋಣೆಯೊಂದರಲ್ಲೇ ಕರಗಿತು.

ಮಸ್ಕತ್ತಿನಲ್ಲಿರುವ ನಾದಿನಿ ಲಲಿತೆಗೆ ಶ್ರಾವಣದಲ್ಲಿ ಸೀಮಂತವೆಂದು ನಿಶ್ಚಯವಾಯಿತು. ತಾಯಿಯಿಲ್ಲದ ಹುಡುಗಿ. ಮಡಿಲು ತುಂಬಬೇಕಾದವಳು ಅಕ್ಕ, ಅಂದರೆ ನನ್ನ ಹೆಂಡತಿ ಸುಮತಿ.

"ವಿಮಾನದಲ್ಲಿ ಎರಡೇ ಗಂಟೆ, ರೀ," ಎಂದಳು.

ಎರಡು ಗಂಟೆಯಲ್ಲಿ ಮುಗಿಯುವುದೂ ಒಂದು ಪ್ರಯಾಣವೇ? ಕುವೈತ್, ಸೌದಿ, ಎಮಿರೇಟ್ಸ್, ಒಮಾನ್! ನಾಲ್ಕು ದೇಶ, ಒಂದು ಕಾರು, ಸಾರಥಿ ನಾನು. ಕುವೈತಿನ ರಿಗ್ಗೈಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಅರೇಬಿಯದ ನಕ್ಷೆಯನ್ನು ಹಾಸಲಾಯಿತು. ಮೂರು ತಿಂಗಳು ನಾವು ನೆಲದ ಮೇಲೆ ಕೂತು ಉಂಡೆವು.

ವೈಶಾಖದಲ್ಲೇ ವೀಸಾಗಳು ಕೈಸೇರಿದವು. ಸೌದಿ ವೀಸಾದಲ್ಲಿ ಪ್ರವೇಶದ ಕೊನೆಯ ದಿನ ಅರಬ್ಬೀ ತಿಂಗಳಲ್ಲಿತ್ತು: ರಜಬ್ ಹತ್ತು.

"ಸಾಬ್, ಯೇ ತಾರೀಖ್ ಕಿಸೀ ಅರಬ್ ಸೇ ಪೂಛ್ ಲೇನಾ," ಎಂದ ವೀಸಾ ಏಜೆಂಟ್.

ತಾರೀಖಿಗೆ ಅರಬ್ಬರನ್ನು ಕೇಳಬೇಕೆಂದು ನನಗೆ ಹೇಳುತ್ತಾನೆ! ಪ್ರತಿ ಯುಗಾದಿಗೆ ಮೈಸೂರಿನಿಂದ ಪಂಚಾಂಗ ತರಿಸಿ, ಶುಐಬಾದ ನಮ್ಮ ಕಾರ್ಖಾನೆಯ ಕನ್ನಡಿಗರಿಗೆಲ್ಲ ಏಕಾದಶಿ ಯಾವತ್ತು ಎಂದು ತಿಳಿಸುವವನಿಗೆ! ಅವರ ತಿಂಗಳೂ ಚಂದ್ರನದೇ, ನಮ್ಮದೂ ಚಂದ್ರನದೇ. ಹಾಳೆಯ ಎಡಕ್ಕೆ ಅವರ ತಿಂಗಳು, ಬಲಕ್ಕೆ ನಮ್ಮದು ಬರೆದೆ. ಆ ವರ್ಷ ಅಧಿಕ ಜ್ಯೇಷ್ಠ ಬಂದಿತ್ತು. ಅಧಿಕ ಮಾಸವನ್ನು ಯಾವ ಶುಭಕಾರ್ಯಕ್ಕೂ ಲೆಕ್ಕಕ್ಕೆ ಹಿಡಿಯುವುದಿಲ್ಲವಷ್ಟೆ? ಅದರ ಎದುರು ಅರಬ್ಬರ ಬದಿಯಲ್ಲೂ ಭಕ್ತಿಯಿಂದ ಖಾಲಿ ಬಿಟ್ಟೆ. ರಜಬ್ ಸರಿಯಾಗಿ ಶ್ರಾವಣದ ಎದುರು ಬಂದು ಕೂತಿತು. ಶ್ರಾವಣ ಶುದ್ಧ ದಶಮಿಯವರೆಗೆ ನಿಶ್ಚಿಂತೆ!

"ಆಫೀಸಲ್ಲಿ ಯಾರನ್ನಾದ್ರೂ ಒಂದ್ ಮಾತು ಕೇಳ್ಬಾರ್ದಾ?" ಎಂದಳು ಸುಮತಿ.

"ಚಂದ್ರನ ವಿಷಯ ಯಾರನ್ನ ಕೇಳೋದು?"

"ಹೋಗ್ಲಿ, ಆಷಾಢದಲ್ಲೇ ಹೊರಟ್‌ಬಿಡೋಣ. ಲಲ್ಲಿ ಜೊತೆ ನಾಲ್ಕ್ ದಿನ ಜಾಸ್ತಿ ಇರ್ತೀನಿ."

"ಆಷಾಢದಲ್ಲಿ ಪ್ರಯಾಣವೇ!"

ಸೀಮಂತಕ್ಕೆ ಮೂರು ದಿನವಿರುವಾಗ, ರಾಹುಕಾಲ ಕಳೆದು ಹೊರಟೆವು. ಕಾರಿನಲ್ಲಿ ನಲವತ್ತು ಲೀಟರ್ ನೀರು, ಮರಳು ತೋಡುವ ಸಲಿಕೆ, ಎಳೆಯುವ ಹಗ್ಗ, ಚಕ್ಕುಲಿಯ ಡಬ್ಬ. ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು. ಹಸಿರು ಬಳೆಯ ಗಂಟು ಸುಮತಿಯ ಮಡಿಲಲ್ಲಿ.

ಕುವೈತಿನ ಗಡಿ ದಾಟಿ ಸೌದಿ ಕಚೇರಿ ಹೊಕ್ಕೆವು. ಅಧಿಕಾರಿ ವೀಸಾ ನೋಡಿದ, ನನ್ನನ್ನು ನೋಡಿದ, ಗೋಡೆಯ ಕ್ಯಾಲೆಂಡರಿನತ್ತ ಕೈ ತೋರಿಸಿದ.

"ರಜಬ್ ಖಲಾಸ್. ಈಗ ಶಾಬಾನ್."

ನಾನು ಖಾಲಿ ಬಿಟ್ಟಿದ್ದ ತಿಂಗಳನ್ನು ಅರಬ್ಬರು ಎಣಿಸಿಬಿಟ್ಟಿದ್ದರು! ಹಾಳೆ ಬಿಡಿಸಿದೆ. ಹರಕು ಅರಬ್ಬಿಯಲ್ಲೂ ಮುರುಕು ಹಿಂದಿಯಲ್ಲೂ ಅಧಿಕ ಮಾಸದ ತತ್ವವನ್ನು ಸವಿಸ್ತಾರವಾಗಿ ನಿರೂಪಿಸಿದೆ. ಆತ ಶ್ರದ್ಧೆಯಿಂದ ಕೇಳಿದ. ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆಸಿ, ಅವರಿಗೂ ಹೇಳಿಸಿದ. ಚಹಾ ಬಂತು. ಗೆದ್ದೆ ಎಂದುಕೊಂಡೆ.

ಕೊನೆಗೆ ತನಗೆ ಬರುತ್ತಿದ್ದ ಅಷ್ಟಿಷ್ಟು ಹಿಂದಿಯಲ್ಲಿ ಆತ ಕೇಳಿದ: "ಭಾಯಿ, ನಿಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳಾ?"

"ಕೆಲವು ವರ್ಷ."

"ಆ ತಿಂಗಳಿಗೆ ಸಂಬಳ ಕೊಡ್ತಾರಾ?"

"ಇಲ್ಲ."

"ಹಾಗಾದ್ರೆ ಅದು ತಿಂಗಳಲ್ಲ. ಯಲ್ಲಾ, ನಡೀರಿ, ವಾಪಸ್!"

ಒಂದು ಗಂಟೆಯ ಹಿಂದೆ ನಮ್ಮನ್ನು ಬೀಳ್ಕೊಟ್ಟಿದ್ದ ಕುವೈತಿನ ಅಧಿಕಾರಿ, "ಮಸ್ಕತ್ ಇಷ್ಟು ಬೇಗ ಮುಗೀತಾ?" ಎಂದು ವಿಚಾರಿಸಿಕೊಂಡು ಮುದ್ರೆ ಒತ್ತಿದ.

ಕಾರಿನಲ್ಲಿ ಸುಮತಿ ತಂಗಿಗೆ ಫೋನ್ ಮಾಡಿದಳು.

"ಲಲ್ಲೀ, ಹೆದರ್ಬೇಡ ಕಣೇ, ಹೇಗಾದ್ರೂ ಬರ್ತೀನಿ. ನಿನ್ನ ಭಾವನಾ? ಅವ್ರು ಇನ್ನೂ ಅಧಿಕ ಮಾಸದಲ್ಲೇ ಇದಾರೆ."

ಮರುದಿನದ ವಿಮಾನದಲ್ಲಿ ಒಂದೇ ಸೀಟು ಉಳಿದಿತ್ತು. ಸುಮತಿ ಹೋದಳು. ಶುಕ್ರವಾರ ಸೀಮಂತ ನಡೆಯಿತು. ಆ ದಿನ ನಾನು ರಿಗ್ಗೈಯಲ್ಲಿದ್ದೆ.