ಫೋನ್ ಮಾಡದ ನಾರ್ಮಲ್ ಅವರಿಗೆ

ಸರ್ವಾಂತರ್ಯಾಮಿಗಳೂ, ಸಕಲ ವೈದ್ಯರ ನಾಲಗೆಯ ತುದಿಯಲ್ಲಿ ನೆಲೆಸಿರುವವರೂ ಆದ ಮಾನ್ಯ ನಾರ್ಮಲ್ ಅವರೇ,

ಹದಿನೆಂಟು ದಿನದ ಕೂಸಿನ ತಾಯಿಯೊಬ್ಬಳು ತಮಗೆ ಮಾಡುವ ಅನಂತ ನಮಸ್ಕಾರಗಳು. ಇಂದು ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನನ್ನು ಎಬ್ಬಿಸಿದ್ದು ಒಂದು ಸೀನು. ಮಗುವಿನದು, ಒಂದೇ ಒಂದು, ಬೆಂಕಿಕಡ್ಡಿ ಗೀರಿದಷ್ಟು ಸಣ್ಣದು. ಆ ಸೀನು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ಆಮೇಲೆ ಅರಿಕೆ ಮಾಡಿಕೊಳ್ಳುತ್ತೇನೆ; ತಮ್ಮಂಥ ದೊಡ್ಡವರ ಮುಂದೆ ಮೊದಲು ಗುಣಗಾನ, ಆಮೇಲೆ ಗೋಳು ಎಂಬಷ್ಟು ಮರ್ಯಾದೆ ನನಗೂ ಗೊತ್ತಿದೆ.

ತಾವು ಇಂಗ್ಲಿಷಿನಿಂದ ಬಂದವರಾದರೂ ನಮ್ಮ ಮನೆಯಲ್ಲಿ ಈಗ ತಮ್ಮದೇ ದರ್ಬಾರು. ಸಹಜ, ಸಾಮಾನ್ಯ, ಎಂದಿನಂತೆ ಎಂಬ ನಮ್ಮ ಹಳೆಯ ನೌಕರರೆಲ್ಲ ತಾವು ಬಂದ ವಾರವೇ ಕೆಲಸ ಬಿಟ್ಟು ಹೋಗಿದ್ದಾರೆ. ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ನಮ್ಮ ಅತ್ತೆ ಕೂಡ ಮಗುವಿನ ಬಟ್ಟೆ ಬಿಚ್ಚಿ ನೋಡಿ, ಹಸಿರಿದ್ದರೂ ಹಳದಿಯಿದ್ದರೂ, ಮೂರು ದಿನದಿಂದ ಏನೂ ಇಲ್ಲದಿದ್ದರೂ, "ನಾರ್ಮಲ್ಲು ಕಣೆ" ಎಂದು ನ್ಯಾಯಾಧೀಶರಂತೆ ತೀರ್ಪು ಕೊಡುತ್ತಾರೆ. ಬಟ್ಟೆ ಒಗೆಯುವ ಮೆಷಿನ್ನಿನ ಗುಂಡಿಯ ಮೇಲೆ ತಾವಿದ್ದೀರಿ. ಅಲ್ಲಿ ತಮ್ಮ ಅರ್ಥ ಒಂದು ಗಂಟೆ ಇಪ್ಪತ್ತು ನಿಮಿಷ, ಮತ್ತು ಕೊನೆಯ ಐದು ನಿಮಿಷ ಮೆಷಿನ್ನು ಬಾಗಿಲಿನ ಕಡೆಗೆ ನಡೆದುಕೊಂಡು ಬರುತ್ತದೆ. ಔಷಧಿ ಅಂಗಡಿಯವನ ಬಾಯಲ್ಲಿ ತಾವೊಂದು ಅಳತೆ. ಅವನು ಕೊಟ್ಟ ನಾರ್ಮಲ್ ಸೈಜಿನ ಡೈಪರು ನನ್ನ ಮಗುವಿನ ಕಂಕುಳವರೆಗೆ ಬರುತ್ತದೆ. ನಮ್ಮವರು "ನಾನು ನಾರ್ಮಲ್ಲಾಗೇ ಇದೀನಲ್ಲ" ಎಂದರೆ ಇನ್ನೆರಡು ದಿನ ಮಾತಿಲ್ಲ ಎಂದು ತಿಳಿಯಬೇಕು. ಆಫೀಸಿನ ಮೇಡಂ ಸಿಹಿ ದನಿಯಲ್ಲಿ "ಮುಂದಿನ ತಿಂಗಳ ಹೊತ್ತಿಗೆ ನಾರ್ಮಲ್ ಆಗ್ಬಿಡ್ತೀರಲ್ವಾ?" ಎಂದು ವಿಚಾರಿಸಿದಾಗ ತಾವು ಮಗುವೇ ಹುಟ್ಟಿಲ್ಲವೆಂಬಂತೆ ನಟಿಸುವ ಒಂದು ಕಲೆಯಾಗಿದ್ದಿರಿ.

ತಮ್ಮ ಹೆಸರಿನಲ್ಲೇ ನಡೆದ ಹೆರಿಗೆಯನ್ನಂತೂ ಮರೆಯುವಂತಿಲ್ಲ. ಹತ್ತೊಂಬತ್ತು ಗಂಟೆ, ಕಾಲು ಹಿಡಿಯಲು ಇಬ್ಬರು, ಹೊಲಿಗೆ ಏಳು. ನಡುವೆ ನಾನು ಡಾಕ್ಟರ ವಂಶವನ್ನು ಅಜ್ಜನವರೆಗೆ ಜಾಲಾಡಿದೆನಂತೆ. ಇಷ್ಟೆಲ್ಲ ಮುಗಿದ ಮೇಲೆ ನರ್ಸಮ್ಮ ಹೊರಗೆ ಹೋಗಿ ಕಾದಿದ್ದವರಿಗೆ ಹೇಳಿದ್ದು ಒಂದೇ ಮಾತು: "ನಾರ್ಮಲ್." ತಾವು ಇಷ್ಟು ಕ್ರೂರಿಗಳೆಂದು ಮೊದಲೇ ತಿಳಿದಿದ್ದರೆ ತಮ್ಮ ಎದುರು ಪಕ್ಷದವರನ್ನೇ ಆರಿಸಿಕೊಳ್ಳುತ್ತಿದ್ದೆನೋ ಏನೋ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು, ತಮ್ಮ ಪರಿಚಯ ನನಗೆ ಅಲ್ಲಿಂದಲೇ ಇತ್ತು. ಮೇಷ್ಟ್ರು ಬೋರ್ಡಿನ ಮೇಲೆ ಗಂಟೆಯಾಕಾರದ ಒಂದು ಗುಡ್ಡ ಬರೆದು, ಇದೇ ನಾರ್ಮಲ್, ಲೋಕದ ಬಹುಪಾಲು ಈ ಗುಡ್ಡದ ಹೊಟ್ಟೆಯೊಳಗಿದೆ ಎಂದಿದ್ದರು. ಎರಡು ಕಡೆಗೂ ಇಳಿದು ಇಳಿದು, ನೆಲ ಮುಟ್ಟದೆ ಹೋಗುವ ಆ ಬಾಲದಲ್ಲಿ ಯಾರಿರ್ತಾರೆ ಸಾರ್ ಎಂದು ಹಿಂದಿನ ಬೆಂಚಿನವಳೊಬ್ಬಳು ಕೇಳಿದಾಗ, "ಅದು ಪರೀಕ್ಷೆಗೆ ಬರಲ್ಲಮ್ಮ" ಎಂದು ಡಸ್ಟರ್ ಎತ್ತಿಕೊಂಡಿದ್ದರು. ನನಗೆ ಎಂಬತ್ತೆಂಟು ಅಂಕ ಬಂತು. ಬಾಲದಲ್ಲಿರುವವರಿಗೂ ಅಮ್ಮಂದಿರು ಇರುತ್ತಾರೆಂಬುದು ಆ ಎಂಬತ್ತೆಂಟರಲ್ಲಿ ಎಲ್ಲೂ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಗುವಿಗೆ ಮೂರು ದಿನ ತುಂಬಿದಾಗ ಆಸ್ಪತ್ರೆಯ ಕೆಳಮಹಡಿಯ ಲ್ಯಾಬಿನಲ್ಲಿ, ಹುಟ್ಟಿನಿಂದಲೇ ಬರುವ ಥೈರಾಯ್ಡ್ ತೊಂದರೆಯ ಪರೀಕ್ಷೆಗೆಂದು, ಅದರ ಹಿಮ್ಮಡಿಗೆ ಸೂಜಿ ಚುಚ್ಚಿ, ಐದು ತೊಟ್ಟು ರಕ್ತವನ್ನು ದಪ್ಪ ಕಾಗದದ ಮೇಲೆ ಇಳಿಸಿಕೊಂಡರು. ಫಲಿತಾಂಶ ಯಾವಾಗ ಎಂದು ಕೇಳಿದ್ದಕ್ಕೆ ಕೌಂಟರಿನ ಹುಡುಗಿ, "ನಾರ್ಮಲ್ ಇದ್ರೆ ನಾವು ಫೋನ್ ಮಾಡಲ್ಲ ಮೇಡಂ. ಏನಾದ್ರೂ ಇದ್ರೆ ಮಾತ್ರ, ಹದಿನೈದು ದಿನದೊಳಗೆ ಮಾಡ್ತೀವಿ. ಬೇಗ ಗೊತ್ತಾದ್ರೆ ದಿನಕ್ಕೊಂದು ಮಾತ್ರೆ, ಅಷ್ಟೇ, ಮಗು ಎಲ್ಲರ ಹಾಗೇ ಬೆಳೆಯುತ್ತೆ. ತಡ ಆದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿ ಮುಂದಿನ ಟೋಕನ್ ಕೂಗಿದಳು. ಆ ವಾಕ್ಯದ ಉಳಿದರ್ಧವನ್ನು ನಾನು ಹದಿನೈದು ದಿನ, ದಿನಕ್ಕೊಂದು ರೀತಿಯಲ್ಲಿ ಪೂರ್ತಿ ಮಾಡಿಕೊಂಡಿದ್ದೇನೆ.

ಮೌನವೇ ತಮ್ಮ ಸಹಿ ಎಂದು ತಿಳಿದ ಮೇಲೆ ನಾನು ಮೌನವನ್ನು ಕಾಯತೊಡಗಿದೆ. ಫೋನ್ ರಿಂಗಾದರೆ ಸಾಕು, ಎದೆಹಾಲು ಇಳಿಯುವುದೇ ನಿಂತು ಮಗು ಕಿರುಚುತ್ತಿತ್ತು. ಕರೆದವರು ಒಮ್ಮೆ ಪರದೆ ಮಾರುವವರು, ಒಮ್ಮೆ ಯಾವುದೋ ಗ್ಯಾರೇಜಿನವರು, ಉಳಿದಂತೆ ದಿನಕ್ಕೆ ನಾಲ್ಕು ಸಲ ನಮ್ಮ ಚಿಕ್ಕಮ್ಮ. ದಯವಿಟ್ಟು ಎರಡು ವಾರ ಫೋನ್ ಮಾಡಬೇಡಿ ಎಂದು ಹೇಳಲು ನಾನೇ ಅವರಿಗೆ ಫೋನ್ ಮಾಡಿ, "ಒಂದು ಹೆತ್ತಿದ್ದಕ್ಕೇ ಇಷ್ಟು ಸೊಕ್ಕೇನೇ ನಿಂಗೆ" ಎಂದು ಬೈಸಿಕೊಂಡದ್ದೂ ಆಯಿತು. ನಿನ್ನೆ ಸಂಜೆಗೆ ಹದಿನೈದು ದಿನ ಮುಗಿಯಿತು. ಲ್ಯಾಬಿನಿಂದ ಫೋನ್ ಬರಲಿಲ್ಲ. ಅತ್ತೆ ಬಹಳ ದಿನದಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಅಡಿಗೆಮನೆಯಲ್ಲಿ ಗಟ್ಟಿಯಾಗಿ ಬಿಟ್ಟರು, ನಮ್ಮವರು ಸ್ನಾನದ ಮನೆಯಲ್ಲಿ ಅಪಶ್ರುತಿಯಲ್ಲಿ ಹಾಡಿದರು, ನಾನು ಹೆತ್ತ ಮೇಲೆ ಮೊದಲ ಸಲ ಎರಡು ಗಂಟೆ ಒಂದೇ ಸಮನೆ ನಿದ್ದೆ ಮಾಡಿದೆ.

ಆಗ ಬಂತು ಸೀನು. ಮಕ್ಕಳು ಸೀನಿದರೆ ಅದು ತಮ್ಮ ಪೈಕಿಯೋ ಅಲ್ಲವೋ ಎಂದು ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ನೋಡೋಣವೆಂದು ಫೈಲು ಬಿಚ್ಚಿದೆ. ಅದರೊಳಗೆ ಲ್ಯಾಬಿನ ಫಾರಂನ ಕಾರ್ಬನ್ ಪ್ರತಿ ಇತ್ತು. ಫೋನ್ ನಂಬರ್ ಎಂಬ ಕಡೆ, ನನ್ನದೇ ದುಂಡನೆಯ ಅಕ್ಷರದಲ್ಲಿ, ಲ್ಯಾಬಿನದೇ ನಂಬರು ಇತ್ತು. ಎರಡು ರಾತ್ರಿ ಕಣ್ಣು ಮುಚ್ಚದಿದ್ದ ನಾನು, ಕೌಂಟರಿನ ಮೇಲೆ ತೂಗುಹಾಕಿದ್ದ ಬೋರ್ಡನ್ನು ನೋಡಿಕೊಂಡು, ಒಂದಂಕಿಯೂ ತಪ್ಪದಂತೆ ನಕಲು ಮಾಡಿದ್ದೆ. ಅಂದರೆ ಹೇಳುವಂಥದ್ದೇನಾದರೂ ಇದ್ದಿದ್ದರೆ, ಲ್ಯಾಬಿನವರು ಲ್ಯಾಬಿಗೇ ಫೋನ್ ಮಾಡಿ, ಯಾವಾಗ ಮಾಡಿದರೂ ಎಂಗೇಜ್ ಬರುವುದನ್ನು ಕೇಳಿ, ಈ ಬಾಣಂತಿ ಎಷ್ಟು ಹರಟುತ್ತಾಳಪ್ಪಾ ಎಂದು ಷರಾ ಬರೆದು ಕಪಾಟಿನಲ್ಲಿ ಮುಚ್ಚಿಟ್ಟಿರಬಹುದು. ಹದಿನೈದು ದಿನ ತಮ್ಮದೆಂದು ಅವಚಿಕೊಂಡಿದ್ದ ಮೌನ ಈಗ ಯಾರದೆಂದು ಹೇಳುವವರಿಲ್ಲ, ಮಾನ್ಯರೇ.

ಲ್ಯಾಬಿಗೆ ಫೋನ್ ಮಾಡಿದೆ. ನಾರ್ಮಲ್ ವೇಳೆ ಒಂಬತ್ತರಿಂದ ಐದು ಎಂದು ರೆಕಾರ್ಡು ಮಾಡಿಟ್ಟ ಹೆಂಗಸೊಬ್ಬಳು ಹೇಳಿದಳು. ವಾರ್ಡಿಗೆ ಮಾಡಿದೆ, "ಲ್ಯಾಬ್ ನಮ್ದಲ್ಲ ಮೇಡಂ, ಕಂಟ್ರಾಕ್ಟ್‌ನವರದು, ಬೆಳಿಗ್ಗೆ ಕೇಳಿ, ಎಲ್ಲಾ ನಾರ್ಮಲ್ ಇರುತ್ತೆ" ಎಂದು ಆಕಳಿಸಿದರು. ನಮ್ಮವರನ್ನು ಅಲುಗಾಡಿಸಿದೆ, ಕಣ್ಣು ಬಿಡದೆ "ನಾರ್ಮಲ್ಲೇ ಇರುತ್ತೆ, ಮಲ್ಕೊಳೇ" ಎಂದರು. ಕಾಗದವನ್ನು ಮುಖಕ್ಕೆ ಹಿಡಿದೆ. ಓದಿದರು, ಎದ್ದು ಕೂತರು, ಅಲ್ಲಿಂದಾಚೆ ತಮ್ಮ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಅಂಗಿಯನ್ನು ಒಳಹೊರಗಾಗಿ ತೊಟ್ಟು, ಒಂಬತ್ತಕ್ಕೆ ತೆರೆಯುವ ಕೌಂಟರಿನ ಮುಂದೆ ಕೂರುವುದಕ್ಕೆ ನಾಲ್ಕಕ್ಕೇ ಹೊರಟುಹೋದರು. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಸುಮ್ನೆ ಅಳ್ತಾ ಕೂರ್ಬೇಡ, ಯಾರನ್ನಾದ್ರೂ ಬೈದು ಒಂದು ಕಾಗದ ಬರಿ, ಎದೆ ಹಗುರಾಗುತ್ತೆ" ಎಂದರು. ಯಾರನ್ನು ಬೈಯಲಿ? ನಂಬರು ಬರೆದವಳು ನಾನೇ. ಆದ್ದರಿಂದ ತಮ್ಮನ್ನು ಆರಿಸಿಕೊಂಡೆ, ಕ್ಷಮೆಯಿರಲಿ.

ನನ್ನ ಕೋರಿಕೆ ಸಣ್ಣದು. ತಾವು ಇರುವ ಕಡೆಯಿಂದ ಫೋನ್ ಮಾಡುವುದಿಲ್ಲವೆಂಬ ತಮ್ಮ ವ್ರತವನ್ನು ಒಂದೇ ಒಂದು ಸಲ ಮುರಿಯಿರಿ. ಲ್ಯಾಬಿನ ಆ ಕಪಾಟಿನಲ್ಲಿ, ನನ್ನ ಮಗುವಿನ ಐದು ತೊಟ್ಟುಗಳ ಪಕ್ಕದಲ್ಲಿ ತಾವಿದ್ದರೆ, ಎದ್ದು ಬಂದು ಕತ್ತಲಲ್ಲೇ ನಂಬರು ಒತ್ತಿ. ಮಾತಾಡಬೇಕಾಗಿಲ್ಲ, ಒಮ್ಮೆ ಕೆಮ್ಮಿದರೂ ಗುರುತು ಹಿಡಿಯುತ್ತೇನೆ. ಇನ್ನು ಮುಂದೆ ಡೈಪರು ಎಷ್ಟೇ ಮೇಲಕ್ಕೆ ಬಂದರೂ, ಮೆಷಿನ್ನು ಬೀದಿಗೇ ನಡೆದುಹೋದರೂ ತಮ್ಮ ವಿರುದ್ಧ ಒಂದು ಮಾತು ಆಡುವುದಿಲ್ಲ.

ಇಂತಿ, ಬೇರೆ ದಾರಿಯಿಲ್ಲದ,
ತಮ್ಮ ವಿಶ್ವಾಸಿ,
ಬಾಣಂತಿ

ವಿ.ಸೂ.: ಬಹಿರಂಗ ಪತ್ರವಾದ್ದರಿಂದ ಇದನ್ನು ತಮ್ಮ ಎದುರು ಪಕ್ಷದವರೂ ಓದುತ್ತಿರಬಹುದು. ಅವರಿಗೆ ತಮ್ಮಷ್ಟು ಹೆಸರಿಲ್ಲದಿದ್ದರೂ ಫೋನ್ ಮಾಡುವ ಸೌಜನ್ಯವಾದರೂ ಇದೆ. ಕಪಾಟಿನಲ್ಲಿರುವವರು ಅವರೇ ಆಗಿದ್ದರೆ, ಹೆದರಿಸುತ್ತೇನೆಂದು ಸಂಕೋಚಪಡದೆ ಅವರೇ ಮಾಡಲಿ. ಮಾತ್ರೆ ಇದೆಯಂತೆ, ದಿನಕ್ಕೊಂದೇ ಅಂತೆ, ತಡವಾಗಬಾರದು ಅಷ್ಟೇ ಅಂತೆ. ನನ್ನ ಸರಿಯಾದ ನಂಬರನ್ನು ಈ ಹಾಳೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ, ಅತ್ತೆ ಬೆರಳಿಟ್ಟು ಒಂದೊಂದೇ ಅಂಕಿ ಓದಿ ನೋಡಿದ್ದಾರೆ. ಯಾರಾದರೂ ಸರಿ, ಬೆಳಕು ಹರಿಯುವುದರೊಳಗೆ ಫೋನ್ ಮಾಡಿ. ನಾನು ಎದ್ದೇ ಇರುತ್ತೇನೆ.