ಅಂಟು ಬಿಡದ ಟಗರು

ಹವ್ಯಾಸವೊಂದಿದ್ದರೆ ಮನಸ್ಸಿಗೆ ವಿಶ್ರಾಂತಿ ಎನ್ನುವವರು ಯಾರೂ ರೆಸಿನ್ ಮುಟ್ಟಿ ನೋಡಿದವರಲ್ಲ. ಬಿಡದಿಯ ಕಾರ್ಖಾನೆಯಲ್ಲಿ ದುಡಿದು ಕನಕಪುರದ ಮನೆ ಸೇರುವಷ್ಟರಲ್ಲಿ ನನ್ನಲ್ಲಿ ಉಳಿಯುವುದೇ ಅರ್ಧ ಜೀವ. ಅದನ್ನೂ ಈ ರೆಸಿನ್ ತಿನ್ನುತ್ತಿದೆ. ಒಂದು ಡಬ್ಬಿಯಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಎರಡನ್ನೂ ಅಳೆದು ಕಲಸಿ ರಬ್ಬರ್ ಅಚ್ಚಿಗೆ ಹುಯ್ದರೆ ಮರುದಿನ ಕಲ್ಲಿನಂಥ ಬೊಂಬೆ ಸಿಗಬೇಕು. ನನಗೆ ಸಿಗುವುದು ಹಲಸಿನ ಮೇಣ.

ಪುಟಾಣಿ ಬಸ್ಸು, ಲಾರಿಗಳು ಅಂಟಂಟಾದರೆ ಹೇಗೋ ಸಹಿಸಬಹುದಿತ್ತು. ಈ ಸಲ ಅಂಟಿದ್ದು ಮಾವನವರ ಟಗರು. ಗುಡೇಮಾರನಹಳ್ಳಿಯಲ್ಲಿ ಕುರಿ ಸಾಕುವ ಅವರು ಮಗುವಿನಂತೆ ನೋಡಿಕೊಂಡಿದ್ದ ಟಗರು ವಯಸ್ಸಾಗಿ ಸತ್ತಿತ್ತು. ಅವರು ಸರಿಯಾಗಿ ಉಣ್ಣುತ್ತಿಲ್ಲ ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ, ಅದರದೇ ಬೊಂಬೆ ಮಾಡಿಕೊಡುತ್ತೇನೆಂದು ನಾನೇ ಬಾಯಿ ಹಾಕಿದೆ. “ಎಡಗಡೆ ಕೊಂಬು ಒಸಿ ಸೊಟ್ಟ ಇತ್ತು ಅಳಿಯಂದ್ರೇ, ಮರೀಬ್ಯಾಡಿ” ಎಂದರು ಮಾವ. ಮಣ್ಣಿನಲ್ಲಿ ಟಗರನ್ನು ತಿದ್ದಿ ಅಚ್ಚು ತೆಗೆದೆ. ಕೊಂಬು ಸೊಟ್ಟಗೇ ಬಂತು. ಟಗರು ಮಾತ್ರ ಒಣಗಲಿಲ್ಲ.

ಮೊದಲು ಮೋಡವನ್ನು ಬೈದೆ, ಆಮೇಲೆ ಡಬ್ಬಿ ಮಾರಿದವನನ್ನು. ಅಚ್ಚು ಬದಲಿಸಿದೆ. ಬೊಂಬೆಯನ್ನು ಹಪ್ಪಳದ ಪಕ್ಕ ತಾರಸಿಯಲ್ಲಿಟ್ಟೆ. ನಾಲ್ಕು ಹಪ್ಪಳ ಒಣಗಿದವು, ಒಂದು ಟಗರಿಗೆ ಅಂಟಿಕೊಂಡಿತು. ಕೊನೆಗೆ, ಮಾವ ಬರುವ ಹಿಂದಿನ ದಿನ, ನಾನು ಅಳತೆ ಲೋಟಕ್ಕೆ ಹಾರ್ಡನರ್ ಹುಯ್ಯುವುದನ್ನು ನೋಡುತ್ತಿದ್ದ ಹೆಂಡತಿ ಕೇಳಿದಳು: “ಗೆರೆ ಮುಟ್ತಲ್ಲ, ಮತ್ಯಾಕ್ರೀ ಹಾಕ್ತೀರಾ?”

“ಕೊಸರು” ಎಂದೆ, ಯೋಚಿಸದೆ.

ನಮ್ಮಪ್ಪ ಸಂತೆಯಲ್ಲಿ ರಾಗಿ ಮಾರುತ್ತಿದ್ದವರು. ಸೇರು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸಿದವರಲ್ಲ. ಆ ಅಭ್ಯಾಸ ನನ್ನ ಕೈಗೂ ಬಂದಿದೆ. ರಾಗಿಗೆ ಕೊಸರು ಹಾಕಿದರೆ ಗಿರಾಕಿ ಮತ್ತೆ ಬರುತ್ತಾನೆ. ರೆಸಿನ್ನಿಗೆ ಹಾಕಿದರೆ ಅಂಟು ಬಿಟ್ಟು ಹೋಗುವುದೇ ಇಲ್ಲ.

ಕೊಸರಿಲ್ಲದೆ ಇನ್ನೊಂದನ್ನು ಹುಯ್ದೆ. ಅದು ಅಚ್ಚಿನಲ್ಲಿ ಗಟ್ಟಿಯಾಗುವ ಮೊದಲೇ ಬೆಳಗಿನ ಬಸ್ಸಿಗೆ ಮಾವ ಬಂದಿಳಿದರು. ಬಂದವರು ಸೀದಾ ಅಂಟು ಟಗರನ್ನೇ ಎತ್ತಿ, ನಾನು ಬೇಡವೆನ್ನುವಷ್ಟರಲ್ಲಿ ಹೆಗಲ ಕಂಬಳಿಯಲ್ಲಿ ಸುತ್ತಿಕೊಂಡರು. ನನ್ನ ಮಾನ ಹೋಯಿತೆಂದು ಅಡುಗೆಮನೆಗೆ ಸರಿದೆ. ಕಾಫಿ ಹಿಡಿದು ಬಂದಾಗ ಕಂಬಳಿ ಬಿಚ್ಚಿದ್ದರು. ಟಗರಿನ ಮೈತುಂಬ ಕರಿ ಉಣ್ಣೆ ಹತ್ತಿತ್ತು. ಮಾವ ಅದರ ಬೆನ್ನು ಸವರುತ್ತ, “ಇದು ನಮ್ದೇ ಕಣವ್ವ” ಎಂದು ಮಗಳಿಗೆ ತೋರಿಸಿ ಕಣ್ಣೊರೆಸಿಕೊಂಡರು. ಆವತ್ತು ಎರಡು ಮುದ್ದೆ ಉಂಡರು.

ಮುಂದಿನ ವಾರ ಕೊಸರಿಲ್ಲದ, ಕಲ್ಲಿನಂಥ ಟಗರನ್ನು ಹೆಮ್ಮೆಯಿಂದ ಊರಿಗೆ ಒಯ್ದೆ. ಮಾವ ಉಗುರಿನಿಂದ ಟಕ್ಕೆಂದು ಬಡಿದು ನೋಡಿ ವಾಪಸು ಕೊಟ್ಟರು. “ಇದ್ಕೆ ಉಣ್ಣೆ ಹತ್ತಾಕಿಲ್ಲ. ನನ್ ತಮ್ಮನೂ ಒಂದು ಕೇಳ್ತಾವ್ನೆ, ಮೊದಲಿನಂಗೇ ಮಾಡ್ಕೊಡಿ.”

ಈಗ ಮತ್ತೆ ಕೊಸರು ಹುಯ್ಯುತ್ತಾ ಕೂತಿದ್ದೇನೆ. ಎಷ್ಟು ಹುಯ್ದರೆ ಸರಿಯಾಗಿ ಕೆಡುತ್ತದೆ ಎಂಬ ಅಳತೆ ಮಾತ್ರ ಸಿಗುತ್ತಿಲ್ಲ.